ದಪ್ಪ ತಂತಿಯ ಕೆಳಗಿನ ದಾರ

ನಾನು ಒಂದು ಗಿಟಾರು. ನನ್ನನ್ನು ಮಾಡಿದವರು ಅದಕ್ಕೆ ಮೊದಲು ಒಂದು ಗಿಟಾರನ್ನೂ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ಗುಣವೂ ದೋಷವೂ ಅಲ್ಲಿಂದಲೇ ಶುರುವಾದವು.

ಅವರ ಹೆಸರು ಮೌನೇಶಪ್ಪ ಬಡಿಗೇರ. ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ ಅವರ ಅಂಗಡಿ. ತಂಬೂರಿ ಮಾಡುವುದು, ಹಾರ್ಮೋನಿಯಂ ರಿಪೇರಿ ಮಾಡುವುದು ಅವರ ಕಸುಬು. ಒಂದು ದಿನ ಗೂಡ್ಸ್ ಗಾಡಿಯ ಗಾರ್ಡ್ ಡೆನ್ಜಿಲ್ ರೋಚ್ ಸಾಹೇಬರು ಕುತ್ತಿಗೆ ಮುರಿದ ಗಿಟಾರೊಂದನ್ನು ಟವಲಿನಲ್ಲಿ ಸುತ್ತಿಕೊಂಡು ಬಂದರು. ಗಾಡಿ ಜಗ್ಗಿದಾಗ ಅವರದೇ ಟ್ರಂಕು ಅದರ ಮೇಲೆ ಬಿದ್ದಿತ್ತಂತೆ. ಸಾಹೇಬರು ರೈಲ್ವೆ ಕಾಲೊನಿಯ ಆಂಗ್ಲೋ ಇಂಡಿಯನ್ನರು. ಮನೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಹುಬ್ಬಳ್ಳಿ ಕನ್ನಡ, ಎರಡರ ನಡುವೆ ಮಾತುಮಾತಿಗೂ ಒಂದು 'ಮ್ಯಾನ್'.

ಮೌನೇಶಪ್ಪನವರು ಮುರಿದ ಕುತ್ತಿಗೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

"ಸಾಹೇಬ್ರ, ಇದು ಇನ್ನ ಕೂಡೂದಿಲ್ರಿ. ಇದನ್ನ ಮುಂದಿಟ್ಕೊಂಡು ಹೊಸಾದು ಮಾಡಿಕೊಡ್ತೇನಿ."

"ಗಿಟಾರ್ ಮಾಡಾಕ ಬರ್ತದೇನ್ ಮ್ಯಾನ್ ನಿನಗ?"

"ತಂಬೂರಿ ಮಾಡಾವಗ ಇದ್ಯಾವ ದೊಡ್ಡ ಮಾತ್ರಿ!"

ಆ ಜಂಬದ ಫಲವೇ ನಾನು. ಆರು ತಿಂಗಳು ಹಿಡಿಯಿತು. ನನ್ನ ಮೈಗೆ ಬಂದದ್ದು ಯಾವುದೋ ವಾಡೆಯ ಬಾಗಿಲಿನ ಹಳೆಯ ಸಾಗವಾನಿ. ಗಿಟಾರಿನ ಮುಖದ ಹಲಗೆ ತೆಳ್ಳಗಿರಬೇಕು. ಆಗಲೇ ಅದು ನಾಲ್ಕು ಜನಕ್ಕೆ ಕೇಳುವ ಹಾಗೆ ನುಡಿಯುತ್ತದೆ. ಮೌನೇಶಪ್ಪನವರ ಲೆಕ್ಕದಲ್ಲಿ ತೆಳ್ಳನೆಯ ಕೆಲಸವೆಂದರೆ ಕಳ್ಳ ಕೆಲಸ. ತಂಬೂರಿಗೆ ಇಡುವಷ್ಟೇ ದಪ್ಪ ಇಟ್ಟರು. ಹೀಗೆ ಹುಟ್ಟುತ್ತಲೇ ನನ್ನ ದನಿ ಸಣ್ಣದಾಯಿತು.

ಇನ್ನೊಂದು ತಪ್ಪೂ ಆಯಿತು. ತಂತಿಗಳನ್ನು ಎತ್ತಿ ಹಿಡಿಯುವ ಪಟ್ಟಿಗೆ ನಮ್ಮ ಕಡೆ ಕುದುರೆ ಅನ್ನುತ್ತಾರೆ. ಬೇರೆ ಗಿಟಾರುಗಳಿಗೆ ಅದು ಚಾಕುವಿನ ಅಂಚಿನಷ್ಟು ಕಿರಿದು. ನನಗೆ ಕೂರಿಸಿದ್ದು ತಂಬೂರಿಯದೇ ಕುದುರೆ, ಎರಡು ಬೆರಳು ಅಗಲದ್ದು. ತಂತಿ ಬಿಗಿದಾದ ಮೇಲೆ, ಕೈಗೆ ಬಿದ್ದ ರೂಢಿಯಂತೆ, ಹತ್ತಿ ನೂಲಿನ ಒಂದು ಎಳೆಯನ್ನು ದಪ್ಪ ತಂತಿಯ ಕೆಳಗೆ ಸರಿಸಿಬಿಟ್ಟರು. ತಂಬೂರಿಗೆ ಈ ದಾರ ಬೇಕೇ ಬೇಕು. ಅದು ಸರಿಯಾದ ಜಾಗಕ್ಕೆ ಬಂದರೆ ತಂತಿ ಜೇನುಹುಳದ ಹಾಗೆ ಗುಂಯ್ ಅನ್ನುತ್ತ ಬಹಳ ಹೊತ್ತು ನುಡಿಯುತ್ತದೆ. ತಂಬೂರಿಗೆ ಅದು ಭೂಷಣ, ಗಿಟಾರಿಗೆ ರೋಗ. ಮೌನೇಶಪ್ಪನವರಿಗೆ ಇದನ್ನು ಹೇಳುವವರು ಯಾರೂ ಇರಲಿಲ್ಲ.

ಆ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಯಾವ ವಾದ್ಯವೇ ಆಗಲಿ, ಗಿರಾಕಿಯ ಕೈಗೆ ಹೋಗುವ ಮೊದಲು ಮೌನೇಶಪ್ಪನವರು ಅದರ ಮುಂದೆ ಕೂತು, ತಂತಿ ಮುಟ್ಟದೆ, ಬಾಯಿ ಹತ್ತಿರ ತಂದು ಒಂದು ಸ್ವರ ಹಾಡುತ್ತಿದ್ದರು. ಹಾಡಿ ಸುಮ್ಮನಾಗಿ ಕಿವಿ ಇಡುತ್ತಿದ್ದರು. ವಾದ್ಯ ತಾನಾಗಿಯೇ ಅದೇ ಸ್ವರವನ್ನು ತಿರುಗಿ ಹೇಳಿದರೆ ಕೆಲಸ ಮುಗಿದ ಹಾಗೆ. ಹೇಳದಿದ್ದರೆ ಮತ್ತೆ ಉಳಿ ಹಿಡಿಯುತ್ತಿದ್ದರು. ನನ್ನ ಮುಂದೆಯೂ ಕೂತರು. ಹಾಡಿದರು. ನನ್ನ ದಪ್ಪ ತಂತಿ ತಾನೇ ನಡುಗಿ ಗುಂಯ್ ಎಂದಿತು. "ಮಾತಾಡ್ತು ನೋಡ್ರಿ!" ಎಂದು ಅವರು ನನ್ನ ಹೊಟ್ಟೆಯೊಳಗೆ ಪೆನ್ಸಿಲ್ಲಿನಲ್ಲಿ ತಮ್ಮ ಹೆಸರು ಬರೆದರು. ನನ್ನ ಜೀವನದಲ್ಲಿ ನನಗೆ ಸಿಕ್ಕ ಮೊದಲ ಹೊಗಳಿಕೆ ಅದು. ಎರಡನೆಯದಕ್ಕೆ ನಲವತ್ತು ವರ್ಷ ಕಾಯಬೇಕಾಯಿತು.

ಶನಿವಾರ ಸಂಜೆ ರೈಲ್ವೆ ಇನ್‌ಸ್ಟಿಟ್ಯೂಟಿನಲ್ಲಿ ಡಾನ್ಸ್. ಪಿಯಾನೊ, ಡ್ರಮ್ಮು, ಕಹಳೆಯಂಥ ಒಂದು ಟ್ರಂಪೆಟ್ಟು. ಅವುಗಳ ನಡುವೆ ನಾನು ಬಾಯಿಬಿಟ್ಟದ್ದು ಯಾರಿಗೂ ಕೇಳಲಿಲ್ಲ. ಕೇಳಿದವರಿಗೆ ಗುಂಯ್ ಮಾತ್ರ ಕೇಳಿಸಿತು. ಟ್ರಂಪೆಟ್ಟಿನವನು ನಕ್ಕು, "ಡೆನ್ಜಿಲ್, ಒಳಗೆ ನೊಣ ಸಿಕ್ಕಿಕೊಂಡಿದೆಯೇ?" ಎಂದ. ಸಾಹೇಬರ ಮುಖ ಕೆಂಪಾಯಿತು. ದಾರವನ್ನು ಎಳೆದು ತೆಗೆದು ನನ್ನ ತಲೆಯಲ್ಲಿ ತಂತಿ ಬಿಗಿಯುವ ಬಿರಡೆಗೆ ಸುತ್ತಿಬಿಟ್ಟರು. ನನಗೆ ಆದ ಅವಮಾನ ಹೇಳತೀರದು.

ಆದರೆ ಅವರು ನನ್ನನ್ನು ಬಿಸಾಡಲಿಲ್ಲ. ಗಾರ್ಡ್ ಡಬ್ಬಿಗೆ ಕರೆದುಕೊಂಡು ಹೋದರು.

ಗೂಡ್ಸ್ ಗಾಡಿಯ ಕಟ್ಟಕಡೆಯಲ್ಲಿ ಗಾರ್ಡ್ ಸಾಹೇಬರದೊಂದು ಡಬ್ಬಿ. ಪ್ಯಾಸೆಂಜರ್ ಗಾಡಿಗಳಿಗೆ ದಾರಿ ಬಿಡಲು ಗೂಡ್ಸ್ ಗಾಡಿಯನ್ನು ಲೂಪ್ ಲೈನಿನಲ್ಲಿ, ಅಂದರೆ ಪಕ್ಕದ ಹಳಿಯ ಮೇಲೆ, ನಿಲ್ಲಿಸುತ್ತಾರೆ. ನಿಂತರೆ ಒಂದು ತಾಸು, ಕೆಲವೊಮ್ಮೆ ಮೂರು. ಸುತ್ತ ಕಾಡು, ಇಲ್ಲವೇ ಜೋಳದ ಹೊಲ. ಮಾತಾಡಿಸಲು ಒಂದು ನರಪಿಳ್ಳೆಯೂ ಇಲ್ಲ. ಆಗ ಸಾಹೇಬರು ಬಿರಡೆಯ ದಾರ ಬಿಚ್ಚಿ, ಮತ್ತೆ ದಪ್ಪ ತಂತಿಯ ಕೆಳಗೆ ಸರಿಸಿ ನನ್ನನ್ನು ನುಡಿಸುತ್ತಿದ್ದರು. ಇನ್‌ಸ್ಟಿಟ್ಯೂಟಿನ ಮಂದಿಗಾಗಿ ತೆಗೆದದ್ದನ್ನು ತಮಗಾಗಿ ಹಾಕಿಕೊಳ್ಳುತ್ತಿದ್ದರು. ಬ್ಲೂಸ್ ಎಂಬ ಹಾಡುಗಳನ್ನು ನಾನು ಕಲಿತದ್ದು ಅಲ್ಲೇ. ಕಷ್ಟವನ್ನು ಮುಚ್ಚಿಡದೆ ಹಾಡಿಬಿಟ್ಟರೆ ಅದು ಅರ್ಧವಾಗುತ್ತದೆ ಎಂಬ ನಂಬಿಕೆಯ ಹಾಡುಗಳು ಅವು. ಜಾಝ್ ಕಲಿತದ್ದೂ ಅಲ್ಲೇ. ಗೊತ್ತಿರುವ ದಾರಿ ಬಿಟ್ಟು ಕಾಲುದಾರಿ ಹಿಡಿದು, ಸುತ್ತಾಡಿ, ಊಟದ ಹೊತ್ತಿಗೆ ಮನೆ ಸೇರುವ ಸಂಗೀತ. ಆಮೇಲೆ ಒಮ್ಮೆ ವಾಸ್ಕೋ ಬಂದರಿನಲ್ಲಿ ಹಡಗಿನವನೊಬ್ಬ ಒಂದು ಬ್ರೆಜಿಲ್ ರೆಕಾರ್ಡು ಕೊಟ್ಟ. ಬೊಸಾ ನೋವಾ ಎಂಬ ಬಗೆಯ ಹಾಡುಗಳದು. ಅದರಲ್ಲಿ ಹಾಡುವವರು ಹಾಡುತ್ತಲೇ ಇರಲಿಲ್ಲ; ಪಕ್ಕದಲ್ಲಿ ಕೂತವರ ಕಿವಿಯಲ್ಲಿ ಹೇಳುತ್ತಿದ್ದರು. ಹೆಬ್ಬೆರಳು ಹಳಿಯ ಮೇಲೆ ಗಾಲಿ ಉರುಳಿದಂತೆ ಒಂದೇ ಸಮನೆ ನಡೆಯಬೇಕು, ಉಳಿದ ಬೆರಳುಗಳು ಅದನ್ನು ತಪ್ಪಿಸಿ ತಪ್ಪಿಸಿ ಆಡಬೇಕು. ಸಾಹೇಬರು ನನ್ನ ಕಬ್ಬಿಣದ ತಂತಿ ಬಿಚ್ಚಿ, ಮೆತ್ತಗಿನ ನೈಲಾನ್ ತಂತಿ ಹಾಕಿದರು. ದಪ್ಪ ತಂತಿಗಳು ಮಾತ್ರ ಲೋಹದ ಎಳೆ ಸುತ್ತಿದಂಥವು. ಗಟ್ಟಿ ದನಿ ಬೇಡದ ಸಂಗೀತವೂ ಜಗತ್ತಿನಲ್ಲಿ ಇದೆ ಎಂದು ತಿಳಿದ ದಿನ ನನಗೆ ಪರಮಾನಂದವಾಯಿತು.

ಇಪ್ಪತ್ತೈದು ವರ್ಷ ಹೀಗೆ ಕಳೆಯಿತು. ಆಮೇಲೆ ಸಾಹೇಬರ ಕೈ ನಡುಗತೊಡಗಿತು. ಮೊದಲು ಕಿರುಬೆರಳು, ನಂತರ ಇಡೀ ಕೈ. ಒಂದು ದಿನ ನನ್ನನ್ನು ತೊಡೆಯ ಮೇಲೆ ಇಟ್ಟುಕೊಂಡು ಟವಲಿನಿಂದ ಮೈಯೆಲ್ಲ ಒರೆಸಿದರು. ಮರುವಾರ ನನ್ನನ್ನು ಗದಗಿನ ಒಂದು ಆರ್ಕೆಸ್ಟ್ರಾದವರಿಗೆ ಕೊಟ್ಟುಬಿಟ್ಟರು.

ಆ ಆರ್ಕೆಸ್ಟ್ರಾ ದಿನಗಳ ಬಗ್ಗೆ ಹೆಚ್ಚು ಹೇಳಲಾರೆ; ನನಗೂ ಮಾನ ಇದೆ. ಸ್ಪೀಕರುಗಳ ನಡುವೆ ನನ್ನ ದನಿ ಲೆಕ್ಕಕ್ಕೇ ಬರಲಿಲ್ಲ. ಹಾಗಾಗಿ ನನ್ನ ಮೈಗೆಲ್ಲ ಬೆಳ್ಳಿಬಣ್ಣ ಬಳಿದು, ನಕ್ಷತ್ರ ಬರೆದು, ನುಡಿಸಲು ಬಾರದ ಒಬ್ಬನ ಕೊರಳಿಗೆ ಹಾಕಿ ವೇದಿಕೆಯ ಮುಂದೆ ನಿಲ್ಲಿಸುತ್ತಿದ್ದರು. ಉತ್ಸವಮೂರ್ತಿಯಾದೆ. ಬಿರಡೆಗೆ ಸುತ್ತಿದ್ದ ದಾರಕ್ಕೂ ಬೆಳ್ಳಿಬಣ್ಣ ಹತ್ತಿತು. ಆರ್ಕೆಸ್ಟ್ರಾ ಮುಚ್ಚಿದಾಗ ನನ್ನನ್ನು ಗದಗಿಗೆ ಹತ್ತಿಕೊಂಡ ಬೆಟಗೇರಿಯ ಒಂದು ಶಾಲೆಗೆ ದಾನ ಕೊಟ್ಟರು. ಶಾಲೆಯವರು ಕಪಾಟಿಗೆ ಹಾಕಿದರು. ಒಡೆದ ಗ್ಲೋಬು, ಭಾಷಣ ಸ್ಪರ್ಧೆಯ ಕಪ್ಪುಗಳು, ನಾನು. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಹೊರಗೆ ಒಂದು ಹೆಣ್ಣುದನಿ ಹಾಡು ಎತ್ತಿಕೊಡುತ್ತಿತ್ತು. ಆ ದನಿ ತಗ್ಗಿಗೆ ಇಳಿದಾಗ ಕಪಾಟಿನ ಕತ್ತಲಲ್ಲೇ ನನ್ನ ದಪ್ಪ ತಂತಿ ಒಂದಿಷ್ಟು ಅಲುಗುತ್ತಿತ್ತು. ವರ್ಷಗಟ್ಟಲೆ ಆ ದನಿಯೇ ನನ್ನ ಗಡಿಯಾರವಾಗಿತ್ತು. ಒಂದು ದಿನ ಅದು ನಿಂತುಹೋಯಿತು.

ಆ ದನಿ ಸುಕೃತಾ ಮಲ್ಲಸಮುದ್ರ ಅವರದು. ಗಣಿತದ ಟೀಚರ್. ರಸ್ತೆಗೆ ಹತ್ತಿದ ತರಗತಿ, ಎಪ್ಪತ್ತು ಮಕ್ಕಳು, ಹೊರಗೆ ಬಸ್ಸಿನ ಹಾರನ್ನು. ಹದಿನೆಂಟು ವರ್ಷ ಒದರಿ ಒದರಿ ಗಂಟಲಿನಲ್ಲಿ ಗಂಟುಗಳಾದವು. ಡಾಕ್ಟರು ಅವನ್ನು ತೆಗೆದು ಹೇಳಿದರಂತೆ: "ಮೂರು ವಾರ ಒಂದಕ್ಷರ ಮಾತಾಡಬ್ಯಾಡ್ರಿ. ಆಮ್ಯಾಲೂ ದನಿ ಎತ್ತಬ್ಯಾಡ್ರಿ. ಮತ್ತ ಒದರಿ ಕೆಡಿಸ್ಕೊಂಡ್ರ ನನ್ನ ಕೈಯಾಗ ಏನೂ ಇಲ್ಲ."

ಕ್ಲಾಸಿನ ಪಾಠ ಬಿಟ್ಟು ಆಫೀಸಿನ ಕೆಲಸಕ್ಕೆ ಹೋದರಾಯಿತು, ಅದು ಅವರ ದುಃಖವಾಗಿರಲಿಲ್ಲ. ದುಃಖ ಇದ್ದದ್ದು ಚರ್ಚಿನ ಗಾಯನ ಮಂಡಳಿಯದು. ಬೆಟಗೇರಿಯ ಆ ಹಳೆಯ ಚರ್ಚಿನಲ್ಲಿ ಕನ್ನಡ ಕೀರ್ತನೆಗಳನ್ನು ನಾಲ್ಕು ದನಿಗಳಲ್ಲಿ ಹಾಡುವುದು ತಲೆತಲಾಂತರದ ರೂಢಿ. ಸುಕೃತಾ ಹನ್ನೆರಡನೇ ವಯಸ್ಸಿನಿಂದ ಎರಡನೇ ದನಿ, ಅಂದರೆ ಹೆಂಗಸರ ತಗ್ಗಿನ ದನಿ. ಎರಡನೇ ದನಿಯನ್ನು ಯಾರೂ ಬೇರೆಯಾಗಿ ಕೇಳಿಸಿಕೊಳ್ಳುವುದಿಲ್ಲ. ಅದು ಇಲ್ಲದಿದ್ದಾಗ ಮಾತ್ರ ಹಾಡಿನಲ್ಲಿ ಏನೋ ಖಾಲಿಯಾದ ಹಾಗೆ ಅನ್ನಿಸುತ್ತದೆ. ಮಂಡಳಿಯ ಹಿರಿಯರಾದ ದಾನಿಯೇಲ ಮಾಸ್ತರರು, "ಈ ವರ್ಷ ಮುಂದಿನ ಬೆಂಚಿನ ಮ್ಯಾಲ ಕುಂದರವಾ, ಆರಾಮ ತಗೋ" ಎಂದರು. ಪ್ರೀತಿಯಿಂದಲೇ ಹೇಳಿದರು. ಆದರೆ ಅವರ ಕೈಲಿದ್ದ ಹಾಡುವವರ ಪಟ್ಟಿಯಲ್ಲಿ ಸುಕೃತಾ ಹೆಸರು ಇರಲಿಲ್ಲ. ಇನ್ನು ಹಾಡಲು ಆಗುತ್ತದೋ ಇಲ್ಲವೋ ಎಂಬ ಒಂದೇ ಪ್ರಶ್ನೆ ಆ ಹೆಂಗಸನ್ನು ತಿನ್ನತೊಡಗಿತು.

ಮೌನದ ದಿನಗಳಲ್ಲಿ ಕೈಗೆ ಏನಾದರೂ ಬೇಕಲ್ಲ ಎಂದು ಅವರು ನನ್ನನ್ನು ಕಪಾಟಿನಿಂದ ಮನೆಗೆ ಕರೆತಂದರು. ಯುವಜನರ ಕೂಟದಲ್ಲಿ ಚಿಕ್ಕಂದಿನಲ್ಲಿ ಕಲಿತ ಗಿಟಾರಿನ ನಾಲ್ಕು ಹಿಡಿತಗಳು ಅವರಿಗೆ ಬರುತ್ತಿದ್ದವು. ಮನೆಯಲ್ಲಿ ಇದ್ದವರು ಇಬ್ಬರೇ. ಅವರ ಗಂಡ ಜಯಶೀಲ ಪ್ರೆಸ್ಸಿನಲ್ಲಿ ಮಷಿನ್ ನಡೆಸುವವರು. ಮಷಿನ್ ಗದ್ದಲದಲ್ಲಿ ಮಾತಾಡಿ ರೂಢಿಯಾಗಿ ಮನೆಯಲ್ಲೂ ಅದೇ ಗಂಟಲು. ಹೆಂಡತಿ ಮಾತಾಡುವಂತಿಲ್ಲ, ಗಂಡನಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಆಕೆ ಪಾಟಿಯ ಮೇಲೆ 'ಚಹಾಕ್ಕ ಸಕ್ಕರಿ ಹೆಚ್ಚಾತು' ಎಂದು ಬರೆದು ತೋರಿಸಿದರೆ ಈತ ಓಣಿಗೆಲ್ಲ ಕೇಳುವಂತೆ "ಹೌದನಾ!" ಅನ್ನುತ್ತಿದ್ದರು. ಪಾಟಿಯ ಮೇಲೆ ಬರೆದ ಮಾತು ಒರೆಸಿದರೂ ಆಕೆಯ ಮನಸ್ಸಿನಲ್ಲಿ ಉಳಿಯುತ್ತಿತ್ತೇನೋ. ದಿನ ಕಳೆದಂತೆ ಪಾಟಿಯ ಮೇಲೆ ಉಪ್ಪು, ಸಕ್ಕರೆಯ ಜೊತೆಗೆ ಹಾಡಿನ ಸಾಲುಗಳೂ ಬಂದವು.

ಮೂರು ವಾರ ಮುಗಿದ ದಿನ ಬೆಳಿಗ್ಗೆ ಜಯಶೀಲ ಕೆಲಸಕ್ಕೆ ಹೋದ ಮೇಲೆ ಆಕೆ ಬಾಗಿಲು ಹಾಕಿಕೊಂಡು ಹಿತ್ತಲಿನ ಕಟ್ಟೆಯ ಮೇಲೆ ಕೂತರು. ಮಾತಾಡಬಹುದಿತ್ತು, ಮಾತಾಡಲಿಲ್ಲ. ಹೆದರಿದ್ದರು. ಬಾಯಿ ತೆರೆದರೆ ಒಳಗಿನಿಂದ ಏನು ಬರುತ್ತದೋ, ಬರದೆಯೇ ಹೋಗುತ್ತದೋ. ನನ್ನನ್ನು ತಬ್ಬಿಕೊಂಡು ಗಲ್ಲವನ್ನು ನನ್ನ ಮೈಗೆ ಇಟ್ಟರು. ಆಮೇಲೆ ಬಾಯಿಮುಚ್ಚಿಕೊಂಡೇ, ಅತಿ ತಗ್ಗಿನ ಒಂದು ಸ್ವರವನ್ನು ಗುನುಗಿದರು.

ನಾನು ಉತ್ತರ ಕೊಟ್ಟೆ. ಕೊಡದೆ ಇರಲು ನನ್ನಿಂದ ಆಗುತ್ತಿರಲಿಲ್ಲ; ಮೌನೇಶಪ್ಪನವರು ನನ್ನನ್ನು ಹಾಗೆಯೇ ಮಾಡಿದ್ದರು. ಯಾರೂ ಮುಟ್ಟದ ನನ್ನ ದಪ್ಪ ತಂತಿ ಅದೇ ಸ್ವರವನ್ನು ಹಿಂದಕ್ಕೆ ಹೇಳಿತು. ಸುಕೃತಾ ಬೆಚ್ಚಿ ನನ್ನನ್ನು ನೋಡಿದರು. ಇನ್ನೊಮ್ಮೆ ಗುನುಗಿದರು. ನಾನು ಇನ್ನೊಮ್ಮೆ ಹೇಳಿದೆ. ಆಗ ಆಕೆ ಅತ್ತರು, ಸದ್ದಿಲ್ಲದೆ. ನನಗೆ ಕಣ್ಣೀರಿಲ್ಲ, ಇದ್ದಿದ್ದರೆ ನಾನೂ ಅಳುತ್ತಿದ್ದೆ.

ನನ್ನ ಬಿರಡೆಗಳು ತುಕ್ಕು ಹಿಡಿದಿದ್ದವು. ರಿಪೇರಿಗೆಂದು ಆಕೆ ನನ್ನನ್ನು ಬಸ್ಸಿನಲ್ಲಿ ಹುಬ್ಬಳ್ಳಿಗೆ ತಂದರು. ವಿಚಾರಿಸುತ್ತ ಬಂದು ನಿಂತದ್ದು ನನ್ನ ತವರು ಮನೆಯ ಮುಂದೆ! ಮೌನೇಶಪ್ಪನವರು ತೀರಿಕೊಂಡು ಬಹಳ ವರ್ಷವಾಗಿತ್ತು. ಅವರ ಮಗಳು ಕಾಳವ್ವ ಅದೇ ಅಂಗಡಿಯ ಕಟ್ಟೆಯ ಮೇಲೆ ಕೂತು ತಂಬೂರಿಗೆ ತಂತಿ ಕಟ್ಟುತ್ತಿದ್ದರು. ನನ್ನ ಹೊಟ್ಟೆಯೊಳಗೆ ಬ್ಯಾಟರಿ ಬಿಟ್ಟು ನೋಡಿದವರು ಪೆನ್ಸಿಲ್ಲಿನಲ್ಲಿ ಬರೆದ ತಂದೆಯ ಹೆಸರನ್ನು ಓದಿದರು.

"ಅಕ್ಕಾರ, ನಮ್ಮಪ್ಪ ಜೀವಮಾನದಾಗ ಒಂದ ಗಿಟಾರ ಮಾಡಿದ್ದರಿ. ಅದ ಇದು!"

ಬೆಳ್ಳಿಬಣ್ಣ ಬಳಿದುಕೊಂಡು ತವರಿಗೆ ಬಂದದ್ದಕ್ಕೆ ನನಗೆ ನಾಚಿಕೆಯಾಯಿತು. ಕಾಳವ್ವ ನಾಲ್ಕು ದಿನ ಕೂತು ಬಣ್ಣ ಕೆರೆದು, ಹೊಸ ತಂತಿ ಕಟ್ಟಿದರು. ಬಿರಡೆಯ ಬೆಳ್ಳಿ ದಾರವನ್ನು ಬಿಚ್ಚಿ ಬಿದ್ದು ಬಿದ್ದು ನಕ್ಕು, ಹೊಸದೊಂದು ನೂಲಿನ ಎಳೆಯನ್ನು ದಪ್ಪ ತಂತಿಯ ಕೆಳಗೆ ಸರಿಸಿದರು. ತಂದೆಯ ಪದ್ಧತಿಯಂತೆ ಒಂದು ಸ್ವರ ಹಾಡಿ ಕಿವಿ ಇಟ್ಟರು. "ಮಾತಾಡ್ತು," ಎಂದರು. ಇದು ನನ್ನ ಎರಡನೇ ಹೊಗಳಿಕೆ. "ಇದನ್ನ ಬಾರ್ಸಾವ್ರು ಡೆನ್ಜಿಲ್ ಸಾಹೇಬ್ರು. ಇನ್ನೂ ಅದಾರ. ಹೋಗಿ ಭೆಟ್ಟಿ ಆಗ್ರಿ" ಎಂದು ವಿಳಾಸ ಕೊಟ್ಟರು.

ಸಾಹೇಬರು ಒಂದು ಸಣ್ಣ ಮನೆಯಲ್ಲಿ ಇದ್ದರು. ನನ್ನನ್ನು ನೋಡಿದ ಕೂಡಲೇ "ನೀನಾ, ರಾಸ್ಕಲ್!" ಎಂದರು. ಕೈ ಚಾಚಿದರು, ಕೈ ನಡುಗಿತು, ಹಿಂದಕ್ಕೆ ತೆಗೆದುಕೊಂಡರು. ಆದರೆ ಬಾಯಿ ಗಟ್ಟಿಯಾಗಿತ್ತು. ಚಹಾದ ಬಸಿಗೆ ಚಮಚದಿಂದ ತಾಳ ಹಾಕಿ, ಬಾಯಲ್ಲೇ ಬೆರಳಾಟವನ್ನು ಹೇಳಿಕೊಟ್ಟರು. ಗಣಿತದ ಟೀಚರಿಗೆ ತಪ್ಪಿಸಿ ತಪ್ಪಿಸಿ ಬರುವ ಆ ಲೆಕ್ಕ ಬಹಳ ಬೇಗ ಹಿಡಿಯಿತು. ಒಂದು ವರ್ಷ, ಪ್ರತಿ ಶನಿವಾರ ಮಧ್ಯಾಹ್ನ ನಾವಿಬ್ಬರೂ ಗದಗಿನಿಂದ ಗಾಡಿ ಹತ್ತಿ ಬಂದೆವು. ಸುಕೃತಾ ಬರೆದ ಹಾಡುಗಳು ಬೆಟಗೇರಿಯ ಮಾತಿನಲ್ಲೇ ಇದ್ದವು. ಕಷ್ಟದ ಮಾತಿನಿಂದ ಶುರುವಾಗಿ, ಸಾಹೇಬರ ಕಾಲುದಾರಿಗಳಲ್ಲಿ ಸುತ್ತಾಡಿ, ಕೊನೆಗೆ ಎದ್ದು ಮುಖ ತೊಳೆದುಕೊಂಡು ಕೆಲಸಕ್ಕೆ ಹೊರಡುವಂಥ ಹಾಡುಗಳು.

*ಸಿಗ್ನಲ್ ಬೀಳ್ಲಿ ಬಿಡು, ಅವಸರ ಏನೈತಿ,*
*ಹಳಿಯ ಮ್ಯಾಲ ಇನ್ನೂ ಎಳೀ ಬಿಸಲೈತಿ.*

ಎಂಟು ಹಾಡು ಕೂಡಿದವು. ಆಲ್ಬಮ್ ಮಾಡಬೇಕೆಂದು ಹಟ ಹಿಡಿದವರು ಜಯಶೀಲ. ಹುಬ್ಬಳ್ಳಿಯಲ್ಲಿ ನಿಂಗರಾಜ ಎಂಬುವವರ ಸ್ಟುಡಿಯೊ. ಭಕ್ತಿಗೀತೆ, ಜಾಹೀರಾತು, ಚುನಾವಣೆ ಹಾಡುಗಳನ್ನು ರೆಕಾರ್ಡ್ ಮಾಡಿ ಕೈ ಪಳಗಿದವರು. ಮನುಷ್ಯ ಒಳ್ಳೆಯವನೇ. ಗಾಜಿನ ಆಚೆಯಿಂದ ಹೇಳಿದರು:

"ಮೇಡಮ್, ಗಿಟಾರ್ ಗುಂಯ್‌ಗುಡಾಕತ್ತೈತ್ರಿ. ಆ ದಾರ ತಗೀರಿ. ಮತ್ತ ಸ್ವಲ್ಪ ಜೋರ ಹಾಡ್ರಿ, ಹಿಂಗ ಹಾಡಿದ್ರ ಮಂದೀಗೆ ಮುಟ್ಟೂದಿಲ್ಲ."

ಸುಕೃತಾ ದಾರ ತೆಗೆದರು. ದೊಡ್ಡ ಜಾಗ, ತಿಳಿದವರು ಹೇಳುತ್ತಿದ್ದಾರೆ, ಕೇಳಬೇಕು ಅನ್ನಿಸಿರಬೇಕು. ಮೊದಲ ಹಾಡನ್ನು ಜೋರಾಗಿ ಹಾಡಿದರು. ಎರಡನೆಯದನ್ನು ಇನ್ನೂ ಜೋರಾಗಿ. ಅವರ ಎದೆ ನನ್ನ ಬೆನ್ನಿಗೆ ಆತುಕೊಂಡಿತ್ತು. ಗಂಟಲು ಬಿಗಿಯುವುದು ನನಗೆ ತಿಳಿಯುತ್ತಿತ್ತು. ಬೇಡ, ಬೇಡ ಎಂದು ನಾನು ಕೂಗಿಕೊಂಡೆ. ಆದರೆ ನನ್ನ ಕೂಗು ಯಾವ ಕಾಲಕ್ಕೆ ಯಾರಿಗೆ ಕೇಳಿದೆ? ಮೂರನೇ ಹಾಡಿನ ನಡುವೆ ದನಿ ಒಡೆಯಿತು. ಆಮೇಲೆ ಬಾಯಿ ತೆರೆದರೆ ಗಾಳಿ ಮಾತ್ರ ಬಂತು. ಜಯಶೀಲ ಜೀವನದಲ್ಲಿ ಮೊದಲ ಸಲ ಸಣ್ಣ ದನಿಯಲ್ಲಿ, "ನಡಿ, ಮನೀಗೆ ಹೋಗೂಣು" ಎಂದರು.

ಮತ್ತೆ ಪಾಟಿ ಬಂತು. ಡಾಕ್ಟರು ಗಂಟಲಿನೊಳಗೆ ನೋಡಿ, ಬಾವು ಬಂದಿದೆ, ಇಳಿದರೆ ಪುಣ್ಯ ಎಂದರು. ಹತ್ತು ದಿನ ಆಕೆ ನನ್ನ ಕಡೆ ನೋಡಲಿಲ್ಲ. ಪಾಟಿಯ ಮೇಲೆ ಹಾಡಿನ ಸಾಲೊಂದೂ ಬರಲಿಲ್ಲ. ಹನ್ನೊಂದನೇ ದಿನ ಶನಿವಾರ. ರೂಢಿ ಎಳೆಯಿತೋ ಏನೋ, ನನ್ನನ್ನು ಹೆಗಲಿಗೆ ಹಾಕಿಕೊಂಡು, ಪಾಟಿಯನ್ನು ಚೀಲದಲ್ಲಿ ಇಟ್ಟುಕೊಂಡು ಗಾಡಿ ಹತ್ತಿದರು. ಸಾಹೇಬರ ಮುಂದೆ ಕೂತು ನಡೆದದ್ದನ್ನೆಲ್ಲ ಬರೆದರು. ಒರೆಸಿ ಒರೆಸಿ ಬರೆದರು. ಕೊನೆಗೆ, 'ನನ್ನ ದನಿ ಮಂದೀಗೆ ಮುಟ್ಟೂದಿಲ್ಲ' ಎಂದು ಬರೆದು ತಲೆ ತಗ್ಗಿಸಿದರು.

ಸಾಹೇಬರು ಪಾಟಿ ಓದಿದರು. ಅವರಿಗೆ ಸಿಟ್ಟು ಬಂತು.

"ಮಂದಿ! ಯಾವ ಮಂದಿ ಟೀಚರ್? ಗಾರ್ಡ್ ಡಬ್ಬಿಯೊಳಗ ಎಷ್ಟು ಮಂದಿ ಇದ್ರು? ಇಪ್ಪತ್ತೈದು ವರ್ಷ ನಾ ಒಬ್ಬಂವಗ ಬಾರಿಸೀನಿ ಮ್ಯಾನ್, ಆ ಒಬ್ಬಂವ ನಾನ. ಆ ಗಾಡಿಯೊಳಗ ನಾ ಹುಚ್ಚ ಆಗ್ಲಿಲ್ಲ ಅಂದ್ರ ಈ ರಾಸ್ಕಲ್‌ನಿಂದ." ನಡುಗುವ ಬೆರಳಿನಿಂದ ನನ್ನನ್ನು ತೋರಿಸಿದರು. "ಕೇಳಾವ್ರು ಸಾವಿರ ಇರ್ಲಿ. ಆದ್ರ ಒಬ್ಬೊಬ್ಬರ ಕೇಳ್ತಾರ. ಒಬ್ಬರಿಗೆ ಹಾಡು. ಒಬ್ಬರ ಮುಂದ ಯಾರರೇ ಒದರ್ತಾರೇನು?"

ಸುಕೃತಾ ಪಾಟಿ ಒರೆಸಿ, ಒಂದೇ ಮಾತು ಬರೆದರು: 'ದಾರ ಎಲ್ಲೈತಿ?' ಅದು ನನ್ನ ಬಿರಡೆಗೇ ಸುತ್ತಿಕೊಂಡಿತ್ತು.

ಬಾವು ಇಳಿಯಲು ಎರಡು ತಿಂಗಳು ಹಿಡಿಯಿತು. ಮತ್ತೆ ಸ್ಟುಡಿಯೊಗೆ ಹೋದಾಗ ದನಿ ಮೊದಲಿಗಿಂತ ಇನ್ನೂ ಸಣ್ಣದಾಗಿತ್ತು, ತುಸು ಕೆರೆದ ಹಾಗಿತ್ತು. ಈ ಸಲ ಆಕೆ ನಿಂಗರಾಜರಿಗೆ ಮೊದಲೇ ಹೇಳಿಬಿಟ್ಟರು: "ನಾ ಹಿಂಗ ಹಾಡಾಕಿ. ನಿಮ್ಮ ಮೈಕ್ ಹತ್ರ ತರ್ರಿ." ಮೈಕನ್ನು ಗೇಣುದ್ದಕ್ಕೆ ತಂದರು. ದನಿ ಸಣ್ಣದು, ಹಾಗಾಗಿ ಫ್ಯಾನಿನ ಸದ್ದೂ ಕೇಳತೊಡಗಿತು. ಫ್ಯಾನು ನಿಲ್ಲಿಸಿದರು. ಏಸಿಯನ್ನೂ ಆರಿಸಿದರು. ಹುಬ್ಬಳ್ಳಿಯ ಏಪ್ರಿಲ್ ಬಿಸಿಲು. ನಿಂಗರಾಜರು ಬನಿಯನ್ನಿನಲ್ಲಿ ಕೂತರು, ಜಯಶೀಲ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಮೂಲೆಯಲ್ಲಿ ಕೂತರು, ಬೆವರು ನನ್ನ ಮೈಮೇಲೆ ಹನಿಯಿತು. ದಪ್ಪ ತಂತಿ ದಾರದ ಮೇಲೆ ಗುಂಯ್ ಎಂದಿತು, ಅದರ ಪಕ್ಕದಲ್ಲಿ ಆಕೆ ಹಾಡಿದರು, ಯಾರಿಗೋ ಒಬ್ಬರಿಗೆ. ಐದನೇ ಹಾಡಿನಲ್ಲಿ ಹೊರಗಿನಿಂದ "ಮೆಂತೆ, ಕೊತ್ತಂಬ್ರಿ!" ಎಂಬ ಕೂಗೂ ಒಳಗೆ ಬಂತು. ನಿಂಗರಾಜರು ಅದನ್ನು ತೆಗೆಯಲು ಹೋಗಿ, ಎರಡು ಸಲ ಕೇಳಿ, ಹಾಗೇ ಬಿಟ್ಟರು. ಎಲ್ಲ ಮುಗಿದ ಮೇಲೆ ಹೆಡ್‌ಫೋನ್ ತೆಗೆದು, "ಮೇಡಮ್, ನಮ್ಮವ್ವ ಬಾಜೂಕ ಕುಂತು ಹೇಳಿದಂಗಾತ್ರಿ" ಎಂದರು. ಅವರ ಕಣ್ಣು ಒದ್ದೆಯಾಗಿತ್ತು; ಬೆವರು ಎಂದು ಒರೆಸಿಕೊಂಡರು.

ಆಲ್ಬಮಿಗೆ 'ಲೂಪ್ ಲೈನ್' ಎಂದು ಹೆಸರಿಟ್ಟರು. ಹಾಡಿನ ಸಾಲುಗಳನ್ನು ಜಯಶೀಲ ಮಿಕ್ಕಿದ ಕ್ಯಾಲೆಂಡರ್ ಕಾಗದದ ಮೇಲೆ ತಾವೇ ಅಚ್ಚು ಹಾಕಿದರು. ಅದು ದೊಡ್ಡ ಗದ್ದಲವನ್ನೇನೂ ಮಾಡಲಿಲ್ಲ. ಮೊಬೈಲಿನಿಂದ ಮೊಬೈಲಿಗೆ ಹೋಯಿತು. ಆಸ್ಪತ್ರೆಯ ನರ್ಸ್ ಒಬ್ಬಳು ಡ್ಯೂಟಿಗೆ ಹೊರಡುವ ಮೊದಲು ದಿನಾ ಒಂದು ಹಾಡು ಕೇಳುತ್ತೇನೆಂದು ಬರೆದಳು. ಗಂಡ ಸತ್ತ ಮೇಲೆ ಮಾತೇ ಬಿಟ್ಟಿದ್ದ ತನ್ನ ಅತ್ತೆ ಮೂರನೇ ಹಾಡಿಗೆ ತಲೆ ಅಲ್ಲಾಡಿಸಿದರು ಎಂದು ಲಕ್ಷ್ಮೇಶ್ವರದ ಸೊಸೆಯೊಬ್ಬಳು ಫೋನು ಮಾಡಿದಳು. ಡೆನ್ಜಿಲ್ ಸಾಹೇಬರು ಕಿಟಕಿ ಮುಚ್ಚಿಸಿ, ಕಣ್ಣು ಮುಚ್ಚಿ, ಎಂಟೂ ಹಾಡು ಕೇಳಿದರು. ಅವರ ಕೈ ಅಷ್ಟು ಹೊತ್ತೂ ನಡುಗಲಿಲ್ಲ ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ. ನಡುಗಿತು, ಆದರೆ ತಾಳಕ್ಕೆ ಸರಿಯಾಗಿ ನಡುಗಿತು.

ಮುಂದಿನ ಈಸ್ಟರಿಗೆ ದಾನಿಯೇಲ ಮಾಸ್ತರರು ಮನೆಗೆ ಬಂದರು.

"ಸುಕೃತಾ, ಈ ಸಲ ಒಂದು ಕೀರ್ತನಿ ನೀ ಒಬ್ಬಾಕೇ ಹಾಡಬೇಕವಾ. ನಾವೆಲ್ಲಾ ನಿನ್ನ ಹಿಂದ."

"ಹಿಂದಿನ ಬೆಂಚಿಗೆ ಕೇಳೂದಿಲ್ರಿ, ಮಾಸ್ತರ."

"ಕೇಳೂ ಹಂಗ ನಾವು ಸಣ್ಣಾಗ್ತೇವಿ," ಎಂದರು ಮಾಸ್ತರರು.

ಇಪ್ಪತ್ನಾಲ್ಕು ಜನರ ಮಂಡಳಿ. ಛಾವಣಿ ಹಾರುವಂತೆ ಹಾಡಿ ರೂಢಿಯಾದವರು. ಒಂದು ತಿಂಗಳು ಅವರು ಮೆಲ್ಲಗೆ ಹಾಡುವುದನ್ನು ಕಲಿತರು. ಅದು ಎಷ್ಟು ಕಷ್ಟ ಎಂದು ನಾನು ನೋಡಿದ್ದೇನೆ. ಗಂಡಸರ ಸಾಲಿನಲ್ಲಿ ನಿಂತ ಜಯಶೀಲರಿಗಂತೂ ಕೊರಳಿನ ನರ ಉಬ್ಬುತ್ತಿತ್ತು. ಹಬ್ಬದ ಬೆಳಗ್ಗೆ ಸುಕೃತಾ ನನ್ನನ್ನು ಹಿಡಿದು ಮುಂದೆ ನಿಂತರು. ಮೂವತ್ತು ವರ್ಷ ಎರಡನೇ ದನಿಯಾಗಿದ್ದ ಹೆಂಗಸು ಮೊದಲ ಸಲ ಒಬ್ಬಳೇ ಹಾಡಿದಳು. ಹಿಂದೆ ಇಪ್ಪತ್ನಾಲ್ಕು ಜನ ಉಸಿರಿನಷ್ಟು ಹಗುರಾಗಿ ಹಾಡಿದರು. ಹಿಂದಿನ ಬೆಂಚಿಗೆ ಕೇಳಿಸಿತು. ಯಾರೂ ಕೆಮ್ಮಲಿಲ್ಲ.

ಅಲ್ಲಿಂದ ಐದು ವರ್ಷಕ್ಕೆ 'ಪಾಟಿ' ಎಂಬ ಎರಡನೇ ಆಲ್ಬಮ್ ಬಂತು. ಅದು ಮುಗಿದ ಬೇಸಿಗೆಯಲ್ಲಿ ನನ್ನ ಮುಖದ ಹಲಗೆ ಸೀಳಿತು. ಕಾಳವ್ವ ಸರೇಸು ಹಾಕಿ ಕೂಡಿಸಿದರು. "ಇನ್ನ ಆರು ತಂತಿ ಎಳದ್ರ ತಡಿಯೂದಿಲ್ರಿ ಅಕ್ಕಾರ. ದಪ್ಪಂದೊಂದು ಇರ್ಲಿ, ಉಳಿದದ್ದು ಬಿಚ್ಚಿ ಗ್ವಾಡಿಗೆ ಹಾಕ್ರಿ" ಎಂದರು. ಸುಕೃತಾಗೆ ಅವರೇ ಒಂದು ಹೊಸ ಗಿಟಾರು ಮಾಡಿಕೊಟ್ಟರು: ಅದೇ ಸಾಗವಾನಿ, ಅದೇ ದಪ್ಪ, ಅದೇ ತಂಬೂರಿಯ ಕುದುರೆ, ದಪ್ಪ ತಂತಿಯ ಕೆಳಗೆ ಒಂದು ದಾರ. ತಂದೆ ತಿಳಿಯದೆ ಮಾಡಿದ್ದನ್ನು ಮಗಳು ತಿಳಿದು ಮಾಡಿದರು. ಮೊದಮೊದಲು ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಪಡಸಾಲೆಯ ಗೋಡೆಯ ಮೇಲೆ ಒಂಟಿ ತಂತಿ ಹೊತ್ತು ನೇತಾಡುತ್ತ, ನನ್ನ ಪಾಲು ಮುಗಿಯಿತು ಎಂದುಕೊಂಡೆ.

ಮೂರನೇ ಆಲ್ಬಮ್ 'ಎಳೀ ಬಿಸಲು'. ಅದನ್ನು ಮನೆಯ ಪಡಸಾಲೆಯಲ್ಲೇ ರೆಕಾರ್ಡ್ ಮಾಡೋಣ ಎಂದು ನಿಂಗರಾಜರು ಮೈಕು, ವೈರುಗಳನ್ನು ತಂದಿದ್ದರು. ಬೆಳಗಿನ ಹೊತ್ತು. ಸುಕೃತಾ ಹೊಸ ಗಿಟಾರು ನುಡಿಸಿ ಕೊನೆಯ ಹಾಡು ಹಾಡಿದರು. ತಂತಿಗಳ ಮೇಲೆ ಅಂಗೈ ಇಟ್ಟು ಸದ್ದು ನಿಲ್ಲಿಸಿದ ಮೇಲೆ, ಕಡೆಯ ಸಾಲನ್ನು ಬರಿಯ ಕೊರಳಿನಲ್ಲಿ, ಅತಿ ತಗ್ಗಿನ ಸ್ವರದಲ್ಲಿ ಇಳಿಸಿ ಸುಮ್ಮನಾದರು. ನಿಂಗರಾಜರು ಹುಬ್ಬು ಗಂಟಿಕ್ಕಿ, ಹೆಡ್‌ಫೋನ್ ಒತ್ತಿಕೊಂಡರು.

"ಮೇಡಮ್, ಇನ್ನೊಂದು ದನಿ ಬರಾಕತ್ತೈತ್ರಿ. ಯಾರೂ ಬಾರ್ಸಾಕತ್ತಿಲ್ಲ, ಆದ್ರೂ ಬರಾಕತ್ತೈತಿ!"

ಫ್ರಿಜ್ಜು ಆರಿಸಿದರು. ಮೊಬೈಲುಗಳನ್ನು ಹೊರಗೆ ಇಟ್ಟರು. ಜಯಶೀಲರನ್ನು ಅನುಮಾನದಿಂದ ನೋಡಿದರು. ಪಾಪ, ಅವರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು. ಇನ್ನೊಮ್ಮೆ ಹಾಡಿಸಿದರು. ಮತ್ತೆ ಅದೇ. ಹಾಡು ನಿಂತ ಮೇಲೂ ಕೋಣೆಯಲ್ಲಿ ಒಂದು ಸಣ್ಣ ಗುಂಯ್.

ಸುಕೃತಾ ತಲೆ ಎತ್ತಿ ಗೋಡೆಯ ಕಡೆ ನೋಡಿದರು. ಹಿತ್ತಲಿನ ಕಟ್ಟೆಯ ಮೇಲೆ ಬೆಚ್ಚಿ ನೋಡಿದ್ದರಲ್ಲ, ಅದೇ ಕಣ್ಣು. ಈ ಸಲ ಬೆಚ್ಚಲಿಲ್ಲ, ನಕ್ಕರು.

"ತಗೀಬ್ಯಾಡ್ರಿ ನಿಂಗರಾಜ," ಎಂದರು. "ಅದು ಎರಡನೇ ದನಿ."

ಜಯಶೀಲ ಪ್ರೆಸ್ಸಿನಲ್ಲಿ ಅಚ್ಚು ಹಾಕಿದ ಕಾಗದ ಈಗ ನನ್ನ ಎದುರಿನ ಗೋಡೆಯ ಮೇಲೆ ಇದೆ. ನನಗೆ ಓದಲು ಬರುವುದಿಲ್ಲ. ಆದರೆ ಅವರು ಅದನ್ನು ಅಂಟಿಸಿದ ದಿನ ಓಣಿಗೆಲ್ಲ ಕೇಳುವಂತೆ ಓದಿದರು, ಹಾಗಾಗಿ ನನಗೆ ಬಾಯಿಪಾಠ. ಹಾಡು ಮತ್ತು ಗಿಟಾರು: ಸುಕೃತಾ ಮಲ್ಲಸಮುದ್ರ. ಎರಡನೇ ದನಿ: ಮೌನೇಶಪ್ಪ ಬಡಿಗೇರ ಮಾಡಿದ ಹಳೇ ಗಿಟಾರು.